ಎರೆಹೊಲದ ನಾಲ್ಕು ಮೊಟ್ಟೆಗಳು

ನಮ್ಮ ಧರ್ಮಕೇಂದ್ರದ ಕುಟುಂಬವೊಂದರ ಮನೆಯ ಪಡಸಾಲೆಯಲ್ಲಿ ನಾನು ತೆಗೆದ ಛಾಯಾಚಿತ್ರವೊಂದು ತೂಗುಹಾಕಲ್ಪಟ್ಟಿದೆ. ಕಪ್ಪು ಎರೆಮಣ್ಣಿನ ಹಿನ್ನೆಲೆ, ರೆಕ್ಕೆಗಳನ್ನು ಅರ್ಧ ಬಿಚ್ಚಿ ನಿಂತ ಟಿಟ್ಟಿಭ ಹಕ್ಕಿ, ಅದರ ಕಾಲಿನ ಬಳಿ ನಾಲ್ಕು ಮೊಟ್ಟೆಗಳು. ಎದೆಯ ಕೆಳಗಿನ ಗರಿಗಳು ನೀರಿನಲ್ಲಿ ನೆನೆದು ಅಂಟಿಕೊಂಡಿವೆ. ಒಂದು ಹನಿ ಇನ್ನೇನು ಬೀಳುವಂತಿದೆ. ಆ ಚಿತ್ರವನ್ನು ನೋಡಿದವರೆಲ್ಲರೂ ಹೊಗಳಿದ್ದಾರೆ. ಹೊಗಳಿಕೆಯನ್ನು ನಾನು ಸಂತೋಷದಿಂದ ಸ್ವೀಕರಿಸಿದ್ದೇನೆ. ಆದರೆ ಆ ಚಿತ್ರದ ಪೂರ್ಣ ಕಥೆಯನ್ನು ನಾನು ಬಹುಕಾಲ ಯಾರಿಗೂ ಹೇಳಿರಲಿಲ್ಲ. ಅದನ್ನು ಈ ಪುಟಗಳಲ್ಲಿ ಹೇಳಿಬಿಡುವುದು ನನ್ನ ಕರ್ತವ್ಯವೆಂದು ಈಗ ಅನ್ನಿಸುತ್ತಿದೆ.

ನಾನು ವೃತ್ತಿಯಿಂದ ಶಾಲಾ ಅಧ್ಯಾಪಕ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಅತನೂರಿನ ಸುತ್ತಮುತ್ತ ಹಲವು ವರ್ಷಗಳನ್ನು ಕಳೆದವನು. ಅತನೂರ ಎಂದರೆ ಕಾಡಲ್ಲ. ಹಕ್ಕಿಗಳ ಚಿತ್ರ ತೆಗೆಯುವವರು ಸಾಮಾನ್ಯವಾಗಿ ರಂಗನತಿಟ್ಟಿಗೋ ದಾಂಡೇಲಿಗೋ ಹೋಗುತ್ತಾರೆ. ನಮ್ಮ ಸೀಮೆಯನ್ನು ಯಾರೂ ನೆನೆಯುವುದಿಲ್ಲ. ಇಲ್ಲಿರುವುದು ಕಣ್ಣು ಹಾಯುವಷ್ಟು ದೂರ ಎರೆಹೊಲ, ನಡುನಡುವೆ ಬೇವು, ಜಾಲಿ, ಬದುವಿನ ಮೇಲಿನ ಮುಳ್ಳುಕಂಟಿ, ಬೇಸಗೆಯಲ್ಲಿ ಬತ್ತುವ ಹಳ್ಳ. ತಾಲ್ಲೂಕಿನ ದಕ್ಷಿಣಕ್ಕೆ ಭೀಮಾ ನದಿ. ದೇವಲ ಗಾಣಗಾಪುರದ ಬಳಿ ಅಮರ್ಜಾ ಬಂದು ಅದನ್ನು ಸೇರುತ್ತದೆ. ಮಳೆಗಾಲದಲ್ಲಿ ತೊಗರಿ, ಹಿಂಗಾರಿನಲ್ಲಿ ಜೋಳ ಮತ್ತು ಕಡಲೆ. ಇಂಥ ಬಯಲಿನಲ್ಲಿ ಹಕ್ಕಿಗಳೇನಿರಲು ಸಾಧ್ಯವೆಂದು ನಾನೂ ಮೊದಲು ಅಂದುಕೊಂಡಿದ್ದೆ. ಹಳೆಯ ಕ್ಯಾಮೆರಾವೊಂದನ್ನು ಮುನ್ನೂರು ಮಿಲಿಮೀಟರಿನ ಮಸೂರದೊಂದಿಗೆ ಕೊಂಡು, ರಜಾದಿನಗಳಲ್ಲಿ ಬದುವಿನ ಮೇಲೆ ನಡೆಯತೊಡಗಿದ ಮೇಲೆಯೇ ನನ್ನ ಕಣ್ಣು ತೆರೆಯಿತು. ವಿದ್ಯುತ್ ತಂತಿಯ ಮೇಲೆ ಕಾಜಾಣ, ಕಂಟಿಯ ತುದಿಯಲ್ಲಿ ಕಳ್ಳಿಪೀರ, ನೇಗಿಲ ಹಿಂದೆ ಬೆಳ್ಳಕ್ಕಿಗಳ ಸಾಲು, ಚಳಿಗಾಲದಲ್ಲಿ ಜೋಳದ ತೆನೆಗಳ ಮೇಲೆ ಮೋಡದಂತೆ ಇಳಿಯುವ ಗುಲಾಬಿ ಕಬ್ಬಕ್ಕಿಗಳು. ಇವು ಮಧ್ಯ ಏಷ್ಯಾದ ಬಯಲುಗಳಿಂದ ಸಾವಿರಾರು ಮೈಲಿ ಹಾರಿ ಬಂದು ನಮ್ಮ ಹೊಲಗಳಲ್ಲಿ ಚಳಿಗಾಲ ಕಳೆಯುತ್ತವೆ ಎಂದು ತಿಳಿದ ದಿನ ಮಕ್ಕಳಿಗೆ ಭೂಗೋಳದ ಪಾಠವನ್ನು ಹೊಲದಲ್ಲಿಯೇ ಮಾಡಿದ್ದೆ.

ಕ್ಯಾಮೆರಾ ಹಿಡಿದವನಿಗೆ ಮೊದಲು ಎದುರಾಗುವ ಸಮಸ್ಯೆ ಬೆಳಕಿನದು. ಇದನ್ನು ನಾನು ನನ್ನ ಮಗಳಿಗೆ ಹೇಳಿಕೊಟ್ಟದ್ದು ನಲ್ಲಿಯ ಕೆಳಗೆ ಇಟ್ಟ ಕೊಡದ ಉದಾಹರಣೆಯಿಂದ. ಬೇಸಗೆಯಲ್ಲಿ ನೀರಿಗಾಗಿ ಸರದಿಯಲ್ಲಿ ನಿಂತವರಿಗೆ ಅದು ಬೇಗ ಅರ್ಥವಾಗುತ್ತದೆ. ನಲ್ಲಿ ಎಷ್ಟು ಅಗಲ ಎಂಬುದು ಅಪರ್ಚರ್. ಎಷ್ಟು ಹೊತ್ತು ಬಿಟ್ಟಿದ್ದೇವೆ ಎಂಬುದು ಶಟರಿನ ವೇಗ. ಕೊಡ ಎಷ್ಟು ಚಿಕ್ಕದು ಎಂಬುದು ಐಎಸ್‌ಒ. ಕೊಡ ಚಿಕ್ಕದಾದಷ್ಟೂ ಬೇಗ ತುಂಬುತ್ತದೆ, ಆದರೆ ಸಿಗುವುದು ಅಷ್ಟೇ ನೀರು. ಹಾಗೆಯೇ ಐಎಸ್‌ಒ ಹೆಚ್ಚಿಸಿದರೆ ಮಂದ ಬೆಳಕಿನಲ್ಲೂ ಚಿತ್ರ ಸಿಗುತ್ತದೆ, ಆದರೆ ಅದರ ಮೇಲೆ ರವೆ ಚೆಲ್ಲಿದಂತೆ ಕಾಳುಕಾಳು ಕಾಣುತ್ತದೆ.

ಹಕ್ಕಿಯ ವಿಷಯದಲ್ಲಿ ಮೂರರಲ್ಲಿ ಮುಖ್ಯವಾದುದು ಶಟರಿನ ವೇಗ. ಕುಳಿತ ಹಕ್ಕಿಯೂ ಸುಮ್ಮನಿರುವುದಿಲ್ಲ. ಕತ್ತು ತಿರುಗಿಸುತ್ತದೆ, ಬಾಲ ಕುಣಿಸುತ್ತದೆ. ಅದಕ್ಕೆ ಸೆಕೆಂಡಿನ 500ನೆಯ ಒಂದು ಭಾಗವಾದರೂ ಬೇಕು. ಹಾರುವ ಬೆಳ್ಳಕ್ಕಿಗೆ ಸಾವಿರದ ಒಂದು ಭಾಗ ಸಾಕಾಗಬಹುದು. ಕೀಟ ಹಿಡಿಯಲು ಚಿಮ್ಮುವ ಕಳ್ಳಿಪೀರಕ್ಕೆ ಎರಡು ಸಾವಿರದ ಒಂದು ಭಾಗವೂ ಕೆಲವೊಮ್ಮೆ ಸಾಲದು. ಅಪರ್ಚರನ್ನು 5.6ರಲ್ಲೋ 6.3ರಲ್ಲೋ ನಿಲ್ಲಿಸಿ, ಮುಂಜಾನೆಯಲ್ಲಿ ಐಎಸ್‌ಒ 800ರಿಂದ ಆರಂಭಿಸಿ, ಬಿಸಿಲೇರಿದಂತೆ ಇಳಿಸುತ್ತ ಬರುವುದು ನನ್ನ ರೂಢಿ. ಗಮನವನ್ನು ಸದಾ ಹಕ್ಕಿಯ ಕಣ್ಣಿನ ಮೇಲೆ ಇಡಬೇಕು. ರೆಕ್ಕೆ ಮಸುಕಾದರೂ ಚಿತ್ರ ಬದುಕುತ್ತದೆ. ಕಣ್ಣು ಮಸುಕಾದರೆ ಬದುಕುವುದಿಲ್ಲ.

ನಮ್ಮ ಎರೆನೆಲ ಕಲಿಸುವ ವಿಶೇಷ ಪಾಠವೊಂದಿದೆ. ಕ್ಯಾಮೆರಾದೊಳಗಿನ ಬೆಳಕಿನ ಮಾಪಕ ತಾನು ಕಂಡದ್ದೆಲ್ಲ ಸರಾಸರಿ ಬೂದುಬಣ್ಣದ್ದೆಂದು ಭಾವಿಸುತ್ತದೆ. ಉತ್ತ ಕಪ್ಪು ಹೊಲದಲ್ಲಿ ಬಿಳಿಯ ಬೆಳ್ಳಕ್ಕಿ ನಿಂತಿದ್ದರೆ, ಚೌಕಟ್ಟಿನ ಬಹುಭಾಗ ಕಪ್ಪಾಗಿರುವುದರಿಂದ, ಅದು ಕತ್ತಲೆಯೆಂದು ತಿಳಿದು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಪರಿಣಾಮವಾಗಿ ಮಣ್ಣು ಬೂದಿಯಾಗಿ, ಹಕ್ಕಿ ಗರಿಗಳೇ ಕಾಣದ ಬಿಳಿಯ ಕಲೆಯಾಗಿಬಿಡುತ್ತದೆ. ಆಗ ಪ್ಲಸ್–ಮೈನಸ್ ಗುರುತಿನ ಗುಂಡಿಯನ್ನು ಒತ್ತಿ ಬೆಳಕನ್ನು ಒಂದು ಹಂತ ಇಳಿಸಬೇಕು. ಬೆಳಗಿನ ಬಿಳಿಚಿದ ಆಕಾಶದೆದುರು ತಂತಿಯ ಮೇಲೆ ಕುಳಿತ ಕಾಜಾಣದ ವಿಷಯದಲ್ಲಿ ಇದಕ್ಕೆ ತದ್ವಿರುದ್ಧ: ಒಂದು ಹಂತ ಏರಿಸದಿದ್ದರೆ ಸಿಗುವುದು ಹಕ್ಕಿಯಲ್ಲ, ಹಕ್ಕಿಯಾಕಾರದ ಮಸಿ. ಸುತ್ತಲಿನದನ್ನು ನೋಡಿ ನಡುವಿನವನನ್ನು ಅಳೆಯುವ ಈ ತಪ್ಪು ಯಂತ್ರಕ್ಕೆ ಮಾತ್ರ ಸೀಮಿತವಲ್ಲ ಎಂದು ತರಗತಿಯಲ್ಲಿ ನಿಂತಾಗ ನನಗೆ ಎಷ್ಟೋ ಬಾರಿ ಅನ್ನಿಸಿದೆ.

ಟಿಟ್ಟಿಭ ಈ ಎರಡೂ ಕಷ್ಟಗಳನ್ನು ಒಂದೇ ಮೈಯಲ್ಲಿ ಹೊತ್ತ ಹಕ್ಕಿ. ತಲೆ, ಕತ್ತು, ಎದೆಯ ಮೇಲ್ಭಾಗ ಕಡುಗಪ್ಪು. ಕಣ್ಣಿನ ಹಿಂದಿನಿಂದ ಹೊಟ್ಟೆಯವರೆಗೆ ಅಚ್ಚಬಿಳಿ. ಕಣ್ಣಿನ ಮುಂದೆ ಕೆಂಪು ಚರ್ಮದ ಜೋಲು, ಹಳದಿ ಕಾಲುಗಳು. ಹೊಲಕ್ಕೆ ಹೋಗುವವರಿಗೆಲ್ಲ ಅದರ ಕೂಗಿನ ಪರಿಚಯವಿದೆ. ಅದು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಅವಧಿಯಲ್ಲಿ ಬಯಲಿನಲ್ಲಿಯೇ ನೆಲವನ್ನು ಸ್ವಲ್ಪ ಕೆರೆದು, ಹರಳುಗಳ ನಡುವೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಗಳಿರುವ ಆ ಮೊಟ್ಟೆಗಳನ್ನು ತುಳಿಯುವ ತನಕ ಕಾಣಲಾಗದು. ಗಂಡು ಹೆಣ್ಣು ಸರದಿಯಂತೆ ಸುಮಾರು ನಾಲ್ಕು ವಾರ ಕಾವು ಕೂರುತ್ತವೆ.

ಕಾವು ಎಂದರೆ ಬಿಸಿ ಕೊಡುವುದೆಂದೇ ನಾವು ತಿಳಿದಿದ್ದೇವೆ. ನಮ್ಮ ಸೀಮೆಯ ಬೇಸಗೆಯಲ್ಲಿ ಟಿಟ್ಟಿಭದ ಕೆಲಸ ಅದರ ವಿರುದ್ಧ. ಕೋಳಿಮೊಟ್ಟೆ ಮರಿಯಾಗಲು ಬೇಕಾದ ಬಿಸಿ ಸುಮಾರು 37.5 ಡಿಗ್ರಿ ಎಂದು ಕೋಳಿ ಸಾಕುವವರಿಗೆ ಗೊತ್ತು. ಕಲಬುರಗಿಯಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ನೆರಳಿನಲ್ಲಿಯೇ 42 ಡಿಗ್ರಿ ದಾಟುತ್ತದೆ; ಬಿಸಿಲಿಗೆ ತೆರೆದ ಕಪ್ಪುಮಣ್ಣು ಅದಕ್ಕಿಂತಲೂ ಹೆಚ್ಚು ಸುಡುತ್ತದೆ. ಆದ್ದರಿಂದ ಆ ಹಕ್ಕಿ ಮೊಟ್ಟೆಗಳ ಮೇಲೆ ನೆರಳಾಗಿ ನಿಲ್ಲುತ್ತದೆ. ನೀರಿರುವಲ್ಲಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ ದಿನದಿಂದ ಆ ನೆನೆದ ಗರಿಗಳ ಚಿತ್ರ ನನಗೆ ಬೇಕೇ ಬೇಕೆಂಬ ಹಂಬಲ ಹುಟ್ಟಿತು.

2016ರ ಏಪ್ರಿಲ್. ಅತನೂರಿನಲ್ಲಿ ಪರಿಚಯದ ರೈತರೊಬ್ಬರ ಹೊಲ. ವಯಸ್ಸಾದ ಅವರನ್ನು ನಾನು ಕಾಕಾ ಎಂದೇ ಕರೆಯುತ್ತಿದ್ದೆ. ಹೊಲದ ಮೂಲೆಯ ಹರಳುನೆಲದಲ್ಲಿ ಟಿಟ್ಟಿಭ ಮೊಟ್ಟೆಯಿಟ್ಟಿದೆಯೆಂದು ತಿಳಿಸಿದವರು ಅವರೇ. ನನ್ನ ಮಸೂರದ ಶಕ್ತಿ ಕಡಿಮೆ. ಹಕ್ಕಿ ಚೌಕಟ್ಟು ತುಂಬಬೇಕಾದರೆ ಹತ್ತಿರ ಹೋಗಲೇಬೇಕು. ಇಪ್ಪತ್ತು ಅಡಿ ದೂರದಲ್ಲಿ ಮಣ್ಣಿನ ಬಣ್ಣದ ಬಟ್ಟೆ ಹೊದ್ದು ಮಲಗಿದೆ. ಹಕ್ಕಿ ಎದ್ದಿತು, ಕೂಗಿತು, ತಲೆಯ ಮೇಲೆ ಸುತ್ತಿತು, ದೂರದಲ್ಲಿ ಇಳಿದು ರೆಕ್ಕೆ ಮುರಿದಂತೆ ಹೊರಳಾಡಿ ನನ್ನನ್ನು ಅತ್ತ ಸೆಳೆಯಲು ನೋಡಿತು. ಇದೂ ಒಳ್ಳೆಯ ಚಿತ್ರವೆಂದು ಅದನ್ನೂ ತೆಗೆದೆ. ನಡುನಡುವೆ ಧೈರ್ಯಮಾಡಿ ಗೂಡಿನ ಬಳಿ ಬರುತ್ತಿತ್ತು. ಶಟರಿನ ಸದ್ದಿಗೆ ಮತ್ತೆ ಓಡುತ್ತಿತ್ತು. ಕಡೆಗೆ ಹಳ್ಳದಲ್ಲಿ ಉಳಿದಿದ್ದ ಸಣ್ಣ ಮಡುವಿನಿಂದ ಹೊಟ್ಟೆ ನೆನೆಸಿಕೊಂಡು ಬಂದು, ಮೊಟ್ಟೆಗಳ ಬಳಿ ರೆಕ್ಕೆ ಬಿಚ್ಚಿ ನಿಂತಿತು. ಶಟರು 1600ರ ಒಂದು ಭಾಗ, ಅಪರ್ಚರ್ 6.3, ಐಎಸ್‌ಒ 200, ಕಪ್ಪುಮಣ್ಣಿಗಾಗಿ ಬೆಳಕು ಒಂದು ಹಂತ ಕಡಿಮೆ. ಎಲ್ಲವೂ ಸರಿಯಾಗಿತ್ತು. ಇಂದಿಗೂ ಆ ಅಂಕಿಗಳು ನನಗೆ ಬಾಯಿಪಾಠ.

ಎದ್ದು ಮೈ ಕೊಡವಿಕೊಳ್ಳುತ್ತಿರುವಾಗ ಕಾಕಾ ತಲೆಯ ಮೇಲೆ ಟವೆಲ್ ಹಾಕಿಕೊಂಡು ಬದುವಿನಿಂದ ಬಂದರು. ನಾನು ಸಂಭ್ರಮದಿಂದ ಕ್ಯಾಮೆರಾದ ಪರದೆಯ ಮೇಲೆ ಚಿತ್ರ ತೋರಿಸಿದೆ. ಅವರು ನೋಡಿದರು. ಅನಂತರ ಆಕಾಶ ನೋಡಿ ಕೇಳಿದರು: “ಮಾಸ್ತರ, ಹಕ್ಕಿ ತತ್ತಿ ಮ್ಯಾಲಿಂದ ಎದ್ದು ಎಷ್ಟೊತ್ತಾತ್ರಿ?”

“ಈಗಷ್ಟೇ ಕಾಕಾ, ಸ್ವಲ್ಪ ಹೊತ್ತಾಯಿತು ಅಷ್ಟೇ” ಎಂದೆ.

“ಬಿಸಿಲು ಭಾಳ ಅದ” ಎಂದಷ್ಟೇ ಹೇಳಿ ಅವರು ಮುಂದೆ ನಡೆದರು.

ನಾನು ಸುಳ್ಳು ಹೇಳಿದೆನೆಂದು ಆಗ ನನಗೇ ತಿಳಿದಿರಲಿಲ್ಲ. ಅದನ್ನು ತಿಳಿಸಿದ್ದು ನನ್ನ ಕ್ಯಾಮೆರಾ. ಡಿಜಿಟಲ್ ಕ್ಯಾಮೆರಾ ಪ್ರತಿಯೊಂದು ಚಿತ್ರದೊಳಗೂ ಶಟರಿನ ವೇಗ, ಅಪರ್ಚರ್, ಐಎಸ್‌ಒಗಳ ಜೊತೆಗೆ ತೆಗೆದ ಗಳಿಗೆಯನ್ನೂ ಬರೆದಿಟ್ಟಿರುತ್ತದೆ. ರಾತ್ರಿ ಕಂಪ್ಯೂಟರಿನ ಮುಂದೆ ಕುಳಿತು ನೋಡಿದೆ. ಮೊದಲ ಚಿತ್ರ 10 ಗಂಟೆ 12 ನಿಮಿಷ. ಕೊನೆಯದು 12 ಗಂಟೆ 47 ನಿಮಿಷ. ಎರಡು ಗಂಟೆ ಮೂವತ್ತೈದು ನಿಮಿಷ ಆ ನಾಲ್ಕು ಮೊಟ್ಟೆಗಳು ಬಹುಮಟ್ಟಿಗೆ ಬರಿಯ ಬಿಸಿಲಿನಲ್ಲಿದ್ದವು. ತೆಗೆದದ್ದು ಇನ್ನೂರು ಚಿತ್ರಗಳು, ಒಂದೊಂದೂ 1600ರ ಒಂದು ಭಾಗ. ಲೆಕ್ಕದ ಅಧ್ಯಾಪಕನಾದ ನಾನು ಕೂಡಿಸಿ ನೋಡಿದೆ: ಅಷ್ಟು ಹೊತ್ತಿನಲ್ಲಿ ನನ್ನ ಕ್ಯಾಮೆರಾ ನಿಜವಾಗಿ ಕಣ್ಣು ತೆರೆದದ್ದು ಸೆಕೆಂಡಿನ ಎಂಟನೆಯ ಒಂದು ಭಾಗ ಮಾತ್ರ.

ಮೇ ತಿಂಗಳ ಕೊನೆಯಲ್ಲಿ ಆರನೆಯ ತರಗತಿಯಲ್ಲಿ ಓದುತ್ತಿದ್ದ ಮಗಳನ್ನು ಕರೆದುಕೊಂಡು ಮರಿ ನೋಡಲು ಹೋದೆ. ಟಿಟ್ಟಿಭದ ಮರಿಗಳು ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಓಡಾಡತೊಡಗುತ್ತವೆ ಎಂದು ದಾರಿಯುದ್ದಕ್ಕೂ ಅವಳಿಗೆ ಹೇಳಿದ್ದೆ. ಕಾಕಾ ಹೊಲ ಹರಗಿ ಮುಗಿಸಿದ್ದರು. ಮೂಲೆಯಲ್ಲಿ ಒಂದು ಕಂಬಳಿ ಹಾಸುವಷ್ಟು ಜಾಗವನ್ನು ಮಾತ್ರ ಹಾಗೆಯೇ ಬಿಟ್ಟು ಸುತ್ತಲೂ ಕುಂಟೆ ಹೊಡೆದಿದ್ದರು. ಅದರ ನಡುವೆ ನಾಲ್ಕು ಮೊಟ್ಟೆಗಳು ಇದ್ದ ಹಾಗೆಯೇ ಇದ್ದವು. ಹಕ್ಕಿ ಇರಲಿಲ್ಲ. “ಒಂದು ತಿಂಗಳ ಮ್ಯಾಲೆ ಕುಂತವ್ರಿ, ಪಾಪ. ಮೊನ್ನೆ ಬಿಟ್ಟು ಹೋದ್ವು” ಎಂದರು ಕಾಕಾ. ನನ್ನನ್ನು ದೂಷಿಸುವ ಒಂದು ಮಾತನ್ನೂ ಅವರು ಆಡಲಿಲ್ಲ. ಅಂದಿನ ಬಿಸಿಲೇ ಕಾರಣವೆಂದು ನ್ಯಾಯಾಲಯದಲ್ಲಿ ಯಾರೂ ಸಾಬೀತು ಮಾಡಲಾರರು. ಆದರೆ ನನಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಗಳಿಗೆಗಳ ಲೆಕ್ಕ ನನ್ನ ಬಳಿಯೇ ಇತ್ತು.

ಟಿಟ್ಟಿಭದ ಮೊಟ್ಟೆಗಳ ಕಥೆ ಪಂಚತಂತ್ರದಲ್ಲಿಯೂ ಬರುತ್ತದೆ. ಸಮುದ್ರ ಮೊಟ್ಟೆಗಳನ್ನು ಕೊಂಡೊಯ್ದಾಗ ಆ ಪುಟ್ಟ ಹಕ್ಕಿ ಸಮುದ್ರದ ಮೇಲೆಯೇ ಹಗೆ ಸಾಧಿಸಲು ಹೊರಡುತ್ತದೆ. ಹಕ್ಕಿಗಳೆಲ್ಲ ಒಂದಾಗಿ ಗರುಡನ ಬಳಿ ದೂರು ಹೋಗಿ, ಕೊನೆಗೆ ಸಮುದ್ರ ಅಂಜಿ ಮೊಟ್ಟೆಗಳನ್ನು ಹಿಂದಿರುಗಿಸುತ್ತದೆ. ಚಿಕ್ಕಂದಿನಲ್ಲಿ ಈ ಕಥೆ ಕೇಳಿ ಸಮುದ್ರದ ಮೇಲೆ ಸಿಟ್ಟುಗೊಂಡಿದ್ದೆ. ಆದರೆ ಸಮುದ್ರ ಹಿಂದಿರುಗಿಸಿತು. ನಾನು ಹಿಂದಿರುಗಿಸಲಾರೆ.

ಇದಕ್ಕಿಂತ ಹೆಚ್ಚು ನೋವಿನ ಸಂಗತಿ ಮುಂದಿನದು. ಆ ವರ್ಷದ ಧರ್ಮಕೇಂದ್ರದ ವಾರ್ಷಿಕ ಹಬ್ಬದಲ್ಲಿ ಬಡ ಮಕ್ಕಳ ವಿದ್ಯಾನಿಧಿಗಾಗಿ ವಸ್ತುಗಳ ಹರಾಜು ನಡೆಯಿತು. ನಾನು ಈ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಚೌಕಟ್ಟು ಹಾಕಿಸಿ ಕೊಟ್ಟೆ. “ತಾಯಿಯ ತ್ಯಾಗ” ಎಂದು ಹೆಸರನ್ನೂ ಇಟ್ಟಿದ್ದೆ. ಜನ ಸುತ್ತುವರಿದು ಮೆಚ್ಚಿದರು. ಒಂದು ಕುಟುಂಬ ಒಳ್ಳೆಯ ಬೆಲೆಗೆ ಕೊಂಡಿತು. “ಮರಿಗಳ ಫೋಟೋ ತೆಗೆಯಲಿಲ್ಲವೇ?” ಎಂದು ಒಬ್ಬರು ಕೇಳಿದಾಗ “ಆಗಲಿಲ್ಲ” ಎಂದೆ. ಆ ಪದಕ್ಕೆ ಎರಡು ಅರ್ಥಗಳಿವೆ. ಅವರು ಒಂದನ್ನು ಕೇಳಿಸಿಕೊಂಡರು, ನಾನು ಇನ್ನೊಂದರ ಹಿಂದೆ ಅಡಗಿಕೊಂಡೆ. ಮನೆಗೆ ಹಿಂದಿರುಗುವಾಗ ಬೈಕಿನ ಹಿಂದೆ ಕುಳಿತಿದ್ದ ಮಗಳು ಕೇಳಿದಳು: “ಪಪ್ಪಾ, ಮರಿ ಸತ್ತುಹೋದವು ಅಂತ ಯಾಕೆ ಹೇಳಲಿಲ್ಲ?” ನಾನು ಉತ್ತರ ಕೊಡಲಿಲ್ಲ. ಅವಳು ಎರಡನೆಯ ಬಾರಿ ಕೇಳಲಿಲ್ಲ.

ಆಮೇಲೆ ಹಲವು ತಿಂಗಳು ಕ್ಯಾಮೆರಾವನ್ನು ಮುಟ್ಟಲಿಲ್ಲ. ಬದಲಿಗೆ ಓದಿದೆ. ಹಿಂದಿನ ಕಾಲದ ಛಾಯಾಗ್ರಾಹಕರು ಗೂಡಿನ ಬಳಿಯೇ ಚಿತ್ರ ತೆಗೆಯುತ್ತಿದ್ದುದಕ್ಕೆ ಕಾರಣವಿತ್ತು. ಭಾರದ ಕ್ಯಾಮೆರಾ, ನಿಧಾನದ ಫಿಲಂ. ಹಕ್ಕಿ ಖಂಡಿತವಾಗಿ ಬಂದು ನಿಲ್ಲುವ ಜಾಗ ಗೂಡೊಂದೇ. ರೈಲ್ವೆಯಲ್ಲಿದ್ದ ಇ.ಎಚ್.ಎನ್. ಲೋಥರ್ ಎಂಬವರು ಭಾರತದ ಹಕ್ಕಿಗಳ ಚಿತ್ರಗಳನ್ನು ಬಹುಪಾಲು ಹೀಗೆ ಮರೆಯಲ್ಲಿ ಕುಳಿತು ತೆಗೆದು 1949ರಲ್ಲಿ ಪುಸ್ತಕ ಪ್ರಕಟಿಸಿದರು. ನಮ್ಮ ನಾಡಿನಲ್ಲಿ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017), ಸಂಡೂರಿನ ಎಂ.ವೈ. ಘೋರ್ಪಡೆ (1931–2011), ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ (1938–2007) ಮುಂತಾದವರು ಪಳಗಿದ್ದು ಒಂದು ಸುರುಳಿಗೆ 36 ಚಿತ್ರಗಳಿದ್ದ ಫಿಲಂ ಕಾಲದಲ್ಲಿ. ತೆಗೆದದ್ದು ಏನಾಯಿತೆಂದು ತೊಳೆಯುವ ತನಕ ತಿಳಿಯುತ್ತಿರಲಿಲ್ಲ. ಹಾಗಾಗಿ ಗುಂಡಿ ಒತ್ತುವುದಕ್ಕೆ ಮೊದಲು ಬಹಳ ಹೊತ್ತು ನೋಡಬೇಕಾಗಿತ್ತು. ಇಂದಿನ ಕ್ಯಾಮೆರಾಕ್ಕೆ ಅಂಥ ಮಿತಿಯಿಲ್ಲ. ಗೂಡಿನ ಹತ್ತಿರ ಹೋಗಬೇಕಾದ ಅನಿವಾರ್ಯತೆಯೂ ಇಲ್ಲ. ಅನೇಕ ಛಾಯಾಚಿತ್ರ ಸ್ಪರ್ಧೆಗಳು ಈಗ ಗೂಡಿನ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ. ಕಾನೂನನ್ನೂ ಓದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು “ಬೇಟೆ” ಎಂಬ ಪದವನ್ನು ವಿವರಿಸುವಾಗ ಕಾಡುಹಕ್ಕಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದನ್ನು ಮಾತ್ರವಲ್ಲ, ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನೂ ಅದರಲ್ಲಿ ಸೇರಿಸಿದೆ. ಬಂದೂಕು ಹಿಡಿದವನು ಬೇಟೆಗಾರ, ಕ್ಯಾಮೆರಾ ಹಿಡಿದವನು ಹಕ್ಕಿಗಳ ಗೆಳೆಯ ಎಂದು ನಾನು ನಂಬಿದ್ದೆ. ಕಾನೂನು ಬರೆದವರು ನನಗಿಂತ ಚೆನ್ನಾಗಿ ಮನುಷ್ಯನನ್ನು ಬಲ್ಲವರಾಗಿದ್ದರು.

ಆಕಾಶದ ಹಕ್ಕಿಗಳನ್ನು ಗಮನಿಸಿ ನೋಡುವಂತೆ ಪ್ರಭು ಶಿಷ್ಯರಿಗೆ ಹೇಳಿದ್ದು ನಮಗೆಲ್ಲರಿಗೂ ಗೊತ್ತು. ನೋಡಲು ಹೇಳಿದರು, ಹಿಡಿದಿಟ್ಟುಕೊಳ್ಳಲು ಹೇಳಲಿಲ್ಲ. ನಾನು ಎರಡನ್ನೂ ಒಂದೇ ಎಂದು ಭಾವಿಸಿದ್ದೆ.

ಈಗ ಮತ್ತೆ ಚಿತ್ರ ತೆಗೆಯುತ್ತೇನೆ. ಕ್ಯಾಮೆರಾದಲ್ಲಿ ಗುಂಡಿಯೇ ಇಲ್ಲದ ಒಂದೆರಡು ಅಳತೆಗಳನ್ನು ಮಾತ್ರ ಮೊದಲು ಸರಿಪಡಿಸಿಕೊಳ್ಳುತ್ತೇನೆ. ಒಂದು, ದೂರ. ಹಕ್ಕಿ ಮೇಯುವುದನ್ನು ನಿಲ್ಲಿಸಿ ನನ್ನತ್ತ ಕತ್ತು ಚಾಚಿದರೆ ನಿಲ್ಲುತ್ತೇನೆ. ಕೂಗಿದರೆ ಹಿಂದೆ ಸರಿಯುತ್ತೇನೆ. ಅದು ತನ್ನ ಕೆಲಸಕ್ಕೆ ಮರಳುವ ತನಕ ಸರಿಯುತ್ತಲೇ ಇರುತ್ತೇನೆ. ಎರಡು, ಹೊತ್ತು. ಬೇಸಗೆಯಲ್ಲಿ ಒಂಬತ್ತು ಗಂಟೆಯೊಳಗೆ ಹೊಲ ಬಿಡುತ್ತೇನೆ. ಇದರಿಂದ ನಷ್ಟವೇನೂ ಇಲ್ಲ. ಆಮೇಲೆ ಕಪ್ಪುನೆಲದ ಮೇಲೆ ಬಿಸಿಲ್ಗುದುರೆ ಕುಣಿಯತೊಡಗಿದರೆ ಎಂಥ ಮಸೂರದಲ್ಲೂ ದೂರದ ಹಕ್ಕಿ ಸ್ಪಷ್ಟವಾಗಿ ಬಾರದು. ಕರೆಯ ಧ್ವನಿಮುದ್ರಿಕೆ ಹಾಕಿ ಹಕ್ಕಿಯನ್ನು ಕರೆಯುವುದಿಲ್ಲ; ಮುಂದಿರುವ ಕೊಂಬೆ ಕಡಿಯುವುದಿಲ್ಲ; ಗೂಡಿರುವ ಜಾಗವನ್ನು ಯಾರಿಗೂ ಹೇಳುವುದಿಲ್ಲ. ಹೊಲ ಹರಗುವಾಗ ಎತ್ತುಗಳ, ಟ್ರ್ಯಾಕ್ಟರಿನ ಹಿಂದೆ ತಾವಾಗಿಯೇ ಬರುವ ಬೆಳ್ಳಕ್ಕಿಗಳು ಮನುಷ್ಯನಿಗೆ ಅಂಜುವುದಿಲ್ಲ. ಹೊಸದಾಗಿ ಕಲಿಯುವ ಮಕ್ಕಳಿಗೆ ಅವುಗಳಿಗಿಂತ ಒಳ್ಳೆಯ ಗುರುಗಳಿಲ್ಲ.

ಕಾಕಾ ಈಗಿಲ್ಲ. ಅವರ ಮಗ ಟ್ರ್ಯಾಕ್ಟರಿನಲ್ಲಿ ಹೊಲ ಮಾಡುತ್ತಾನೆ. ಕಳೆದ ಬೇಸಗೆಯಲ್ಲಿ ಅದೇ ಹೊಲದ ಬದುವಿನಲ್ಲಿ, ಬೇವಿನ ನೆರಳಿನಲ್ಲಿ, ಬೆಳಗಿನ ಏಳು ಗಂಟೆಗೆ ಕುಳಿತು ಒಂದೇ ಒಂದು ಚಿತ್ರ ತೆಗೆದೆ. ಹರಗಿದ ಕಪ್ಪು ಹೊಲ ಚೌಕಟ್ಟಿನ ತುಂಬ ಹರಡಿದೆ. ನೇಗಿಲಿನ ಗೆರೆಗಳು ನೇರವಾಗಿ ಬಂದು ಒಂದು ಕಡೆ ಬಳಸಿಕೊಂಡು ಮುಂದೆ ಹೋಗಿವೆ. ಗೆರೆಗಳು ಬಳಸಿದ ಆ ಪುಟ್ಟ ನಡುಗಡ್ಡೆಯಲ್ಲಿ ಒಂದು ಟಿಟ್ಟಿಭ ಕುಳಿತಿದೆ. ತಂದೆಯಂತೆಯೇ ಮಗನೂ ಅಷ್ಟು ಜಾಗ ಬಿಟ್ಟು ಉತ್ತಿದ್ದ.

ಆ ಚಿತ್ರವನ್ನು ಅದೇ ಅಳತೆಗೆ ಮುದ್ರಿಸಿಕೊಂಡು, ನರ್ಸಿಂಗ್ ಓದುತ್ತಿರುವ ಮಗಳು ರಜೆಗೆ ಬಂದಾಗ, ಅವಳೊಂದಿಗೆ ಆ ಕುಟುಂಬದ ಮನೆಗೆ ಹೋದೆ. ಚಹಾ ಬರುವ ಮೊದಲೇ ಎಲ್ಲವನ್ನೂ ಹೇಳಿದೆ. ನಾಲ್ಕು ಮೊಟ್ಟೆಗಳು ಮರಿಯಾಗಲಿಲ್ಲವೆಂದೂ, ಅದಕ್ಕೆ ನಾನೇ ಕಾರಣನೆಂದೂ, ಹಬ್ಬದ ದಿನ ಅದನ್ನು ಮುಚ್ಚಿಟ್ಟೆನೆಂದೂ ಹೇಳಿದೆ. ಬೇಕಾದರೆ ಹಳೆಯದನ್ನು ತೆಗೆದು ಇದನ್ನು ಹಾಕಿಕೊಳ್ಳಿ ಎಂದೆ. ಮನೆಯ ಅಜ್ಜಿ ಸುಮ್ಮನೆ ಕೇಳಿಸಿಕೊಂಡರು. ಗೋಡೆಯ ಮೇಲಿನ ಚಿತ್ರವನ್ನು ಒಮ್ಮೆ ನೋಡಿ, ಹೊಸ ಚಿತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು, ಕನ್ನಡಕ ತರಿಸಿ ಹಾಕಿಕೊಂಡರು.

“ಬರೀ ಹೊಲ ಅದಲ್ಲ. ಹಕ್ಕಿ ಎಲ್ಲಿ ಅದ?” ಎಂದು ಕೇಳಿದರು.

ನಾನು ತೋರಿಸಲು ಕೈ ಚಾಚಿದೆ. ಮಗಳು ನನ್ನ ಕೈ ಹಿಡಿದು ತಡೆದಳು. ಅಜ್ಜಿ ಚಿತ್ರವನ್ನು ಬೆಳಕಿನ ಕಡೆಗೆ ತಿರುಗಿಸಿ, ಬೆರಳಿನಿಂದ ನೇಗಿಲ ಗೆರೆಯನ್ನು ನಿಧಾನವಾಗಿ ಹಿಡಿದುಕೊಂಡು ಹೋದರು. ಗೆರೆ ಬಳಸುವಲ್ಲಿ ಅವರ ಬೆರಳು ನಿಂತಿತು.